ತುಂಗಭದ್ರೆಯ ಹನಿ, ಕಾರವಾರದ ಕಡಲು

(ಟಿ.ಬಿ. ಡ್ಯಾಂನಲ್ಲಿ ನೀಡಿದ ಉಪನ್ಯಾಸದ ಪಾಠ)

ಟಿ.ಬಿ. ಡ್ಯಾಂನ ಕ್ರಸ್ಟ್‌ಗೇಟುಗಳಿಂದ ಧುಮುಕಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಈ ಊರಿನ ಶಾಲಾ ಮಕ್ಕಳನ್ನು ಕೇಳಿದರೂ ಹೇಳುತ್ತಾರೆ. ಹಂಪಿಯ ಬಂಡೆಗಳ ನಡುವೆ ನುಸುಳಿ, ಕಂಪ್ಲಿ ದಾಟಿ, ಮಂತ್ರಾಲಯವನ್ನು ಹಾದು, ಕರ್ನೂಲಿನಾಚೆ ಕೃಷ್ಣೆಯನ್ನು ಕೂಡಿಕೊಳ್ಳುತ್ತದೆ. ಭತ್ತದ ಗದ್ದೆಗಳು ಕುಡಿದು ಬಿಟ್ಟದ್ದು, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡದ ಬ್ಯಾರೇಜು ಇವೆಲ್ಲ ಹಿಡಿದು ಬಿಟ್ಟದ್ದು ಬಂಗಾಳ ಕೊಲ್ಲಿಗೆ ಸೇರುತ್ತದೆ. ಭೂಗೋಳದ ಪಾಠ ಅಲ್ಲಿಗೆ ಮುಗಿಯುತ್ತದೆ. ನೀರಿನ ಪ್ರಯಾಣ ಮಾತ್ರ ಅಲ್ಲಿಗೆ ಮುಗಿಯುವುದಿಲ್ಲ.

ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಆಂಧ್ರ ಮತ್ತು ತಮಿಳುನಾಡಿನ ಕರಾವಳಿಗುಂಟ ಕಡಲೊಳಗೊಂದು ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ. ಅದು ಶ್ರೀಲಂಕೆಯನ್ನು ಬಳಸಿ, ಅರಬ್ಬಿ ಸಮುದ್ರಕ್ಕೆ ತಿರುಗಿ, ಕೇರಳದ ಕರಾವಳಿ ಹಿಡಿದು ಉತ್ತರಕ್ಕೆ ಏರುತ್ತದೆ. ಗಂಗೆ, ಮಹಾನದಿ, ಗೋದಾವರಿ, ಕೃಷ್ಣೆಯರ ಸಿಹಿನೀರು ಬೆರೆತ ಬಂಗಾಳ ಕೊಲ್ಲಿಯ ಮೇಲ್ಪದರದಲ್ಲಿ ಉಪ್ಪು ಕಡಿಮೆ. ಹಾಗಾಗಿ ಚಳಿಗಾಲದಲ್ಲಿ ಪಶ್ಚಿಮ ಕರಾವಳಿಯ ನೀರು ಕೊಂಚ ಸಪ್ಪೆಯಾಗುವುದನ್ನು ಅಳೆದು ನೋಡಬಹುದು. ಅಂದರೆ ಇಲ್ಲಿನ ಗೇಟು ದಾಟಿದ ಯಾವುದೋ ಒಂದು ಹನಿ ಕಾರವಾರದ ಮುಂದೆ ಹಾದುಹೋಗುವ ಸಾಧ್ಯತೆ ಉಂಟು. ಹೊಸಪೇಟೆಯಿಂದ ಹುಬ್ಬಳ್ಳಿಯ ಮೇಲೆ ಕಾರವಾರಕ್ಕೆ ಬಸ್ಸಿನಲ್ಲಿ ಒಂದು ಹಗಲಿನ ಪ್ರಯಾಣ. ಸಂಡೂರಿನ ಅದಿರು ಹೊತ್ತ ಲಾರಿಗಳು ಬೇಲೆಕೇರಿಗೆ ಹೋದ ದಾರಿಯೂ ಹೆಚ್ಚು ಕಡಿಮೆ ಅದೇ. ನೀರು ಮಾತ್ರ ಇಡೀ ದಕ್ಷಿಣ ಭಾರತಕ್ಕೆ ಪ್ರದಕ್ಷಿಣೆ ಹಾಕಿ ಅಲ್ಲಿಗೆ ತಲಪುತ್ತದೆ.

ಈ ದಾರಿಯನ್ನು ಮೊದಲಿಂದ ಕೊನೆಯವರೆಗೆ ಕಣ್ಣಿನಿಂದ ಕಂಡವರಿಲ್ಲ. ಹಡಗಿನಿಂದ ಇಳಿಬಿಟ್ಟ ಬಾಟಲಿಗಳ ನೀರು ಮತ್ತು ಗಣಕಯಂತ್ರದ ಲೆಕ್ಕ, ಇವೆರಡೂ ಕೂಡಿ ತೋರಿಸಿಕೊಟ್ಟ ದಾರಿ ಇದು. ಸಮುದ್ರಕ್ಕೆ ವಿಕಿರಣಶೀಲ ವಸ್ತುವೇನಾದರೂ ಬಿದ್ದರೆ ಅದು ಯಾವ ದಿಕ್ಕಿಗೆ, ಎಷ್ಟು ದಿನದಲ್ಲಿ, ಎಷ್ಟು ತೆಳುವಾಗಿ ತಲಪುತ್ತದೆ ಎಂಬುದನ್ನು ಇದೇ ವಿಧಾನದಿಂದ ಕಂಡುಕೊಳ್ಳುತ್ತಾರೆ. ಕಾರವಾರದ ಹೆಸರೆತ್ತಿದ್ದಕ್ಕೂ ಕಾರಣವಿದೆ. ಅಲ್ಲಿ ಕಡಲು ಸೇರುವ ಕಾಳಿ ನದಿಯ ದಂಡೆಯ ಮೇಲೆ, ತುಸು ಮೇಲೆ, ಕೈಗಾ ಅಣುವಿದ್ಯುತ್ ಸ್ಥಾವರವಿದೆ. ಆದರೆ ಕೈಗಾಕ್ಕೆ ಹೋಗುವ ಮೊದಲು ಜಪಾನಿಗೆ ಹೋಗಿಬರುವುದು ಒಳ್ಳೆಯದು. ಕಡಲಿನ ವಿಕಿರಣವನ್ನು ಬೆನ್ನಟ್ಟುವ ಕಥೆ ಅಲ್ಲಿನ ಮೀನು ಮಾರುಕಟ್ಟೆಯಲ್ಲಿ ಶುರುವಾಗುತ್ತದೆ.

1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ಜಲಜನಕ ಬಾಂಬಿನ ಪರೀಕ್ಷೆ ನಡೆಸಿತು. ನಿಷೇಧಿತ ವಲಯದ ಹೊರಗೇ ಇದ್ದ ಜಪಾನಿನ ಮೀನುಗಾರಿಕೆ ದೋಣಿಯೊಂದರ ಮೇಲೆ ಬಿಳಿ ಬೂದಿ ಮಳೆಯಂತೆ ಸುರಿಯಿತು. ದೋಣಿಯಲ್ಲಿದ್ದ 23 ಮಂದಿಯೂ ಕಾಯಿಲೆ ಬಿದ್ದರು. ಅವರಲ್ಲಿ ಒಬ್ಬ ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡ. ಆ ದೋಣಿಯದಷ್ಟೇ ಅಲ್ಲ, ಬೇರೆ ದೋಣಿಗಳು ತಂದ ಟ್ಯೂನಾ ಮೀನಿನಲ್ಲೂ ವಿಕಿರಣ ಕಂಡುಬಂತು. ಟನ್ನುಗಟ್ಟಲೆ ಮೀನನ್ನು ಹೂಳಬೇಕಾಯಿತು. ಅಮೆರಿಕದ ಅಣುಶಕ್ತಿ ಆಯೋಗದ ಅಧ್ಯಕ್ಷ ಲೂಯಿಸ್ ಸ್ಟ್ರಾಸ್ ಮಾತ್ರ, ಸಮುದ್ರಕ್ಕೆ ಬಿದ್ದ ವಿಕಿರಣ ಕೆಲವೇ ಮೈಲಿಗಳಲ್ಲಿ ಕರಗಿ ನಿರಪಾಯಕಾರಿಯಾಗುತ್ತದೆ ಎಂಬ ಅರ್ಥದ ಹೇಳಿಕೆ ಕೊಟ್ಟರು. ಕಡಲು ದೊಡ್ಡದು, ಎಲ್ಲವನ್ನೂ ಅರಗಿಸಿಕೊಳ್ಳುತ್ತದೆ ಎಂಬ ವಾದ ಅದು. ಆ ವಾದ ಇಂದಿಗೂ ಸತ್ತಿಲ್ಲ.

ಜಪಾನ್ ಸುಮ್ಮನೆ ಕೂರಲಿಲ್ಲ. ಮೇ ತಿಂಗಳಲ್ಲಿ ಶುಂಕೋತ್ಸು ಮಾರು ಎಂಬ ಹಡಗಿನಲ್ಲಿ ವಿಜ್ಞಾನಿಗಳ ತಂಡವನ್ನು ಬಿಕಿನಿಯ ಸುತ್ತಿನ ಕಡಲಿಗೆ ಕಳಿಸಿತು. ಅವರು ನೂರಾರು ಮೈಲಿ ದೂರದಲ್ಲೂ ನೀರಿನಲ್ಲಿ ವಿಕಿರಣ ಕಂಡರು. ಅದು ಎಲ್ಲ ಕಡೆಗೂ ಸಮನಾಗಿ ಹರಡಿರಲಿಲ್ಲ. ಪ್ರವಾಹ ಹರಿಯುವ ದಿಕ್ಕಿನಲ್ಲಿ, ಪಶ್ಚಿಮಕ್ಕೆ, ಉದ್ದನೆಯ ಪಟ್ಟಿಯಾಗಿ ಸಾಗಿತ್ತು. ಹಾಲಿಗೆ ಹಾಕಿದ ಸಕ್ಕರೆಯಂತೆ ಎಲ್ಲೆಡೆ ಬೆರೆಯಬೇಕಾದದ್ದು ಕಾಲುವೆಯ ನೀರಿನಂತೆ ದಾರಿ ಹಿಡಿದು ಹೋಗಿತ್ತು.

ಮುಂದಿನ ವರ್ಷಗಳಲ್ಲಿ ಟೋಕಿಯೋದ ರಸಾಯನ ವಿಜ್ಞಾನಿ ಕತ್ಸುಕೊ ಸರುಹಾಶಿ ಮತ್ತು ಆಕೆಯ ಗುರು ಯಸುವೊ ಮಿಯಾಕೆ ಪೆಸಿಫಿಕ್‌ನ ನೀರಿನಲ್ಲಿ ಸೀಸಿಯಂ ಅಳೆಯುತ್ತ ಬಂದರು. ಅವರಿಗೆ ಸಿಕ್ಕ ಅಂಕಿಗಳು ಅಮೆರಿಕದವರ ಅಂಕಿಗಳಿಗಿಂತ ಬಹಳ ಹೆಚ್ಚಿದ್ದವು. ಜಪಾನಿನವರ ಅಳತೆಯೇ ತಪ್ಪಿರಬೇಕೆಂದು ಅಮೆರಿಕದ ತಜ್ಞರು ಅನುಮಾನಪಟ್ಟರು. ಕೊನೆಗೆ 1962ರಲ್ಲಿ ಸರುಹಾಶಿ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಾಗರ ಸಂಶೋಧನಾ ಸಂಸ್ಥೆಗೇ ಹೋಗಿ, ಅಲ್ಲಿನ ಥಿಯೊಡೋರ್ ಫೋಲ್ಸಂ ಜೊತೆ ಒಂದೇ ನೀರನ್ನು ಎರಡು ವಿಧಾನಗಳಲ್ಲಿ ಅಳೆಯುವ ಪಂದ್ಯಕ್ಕೆ ಒಪ್ಪಿಕೊಂಡರು. ಅತಿ ಕಡಿಮೆ ಪ್ರಮಾಣದ ಸೀಸಿಯಂನ್ನು ಆಕೆ ಹಿಡಿದು ತೋರಿಸಿದಾಗ ಎದುರು ಪಕ್ಷದವರು ಅದನ್ನು ಒಪ್ಪಲೇಬೇಕಾಯಿತು. ಗಣಕಯಂತ್ರಗಳ ಯುಗ ಸರಿಯಾಗಿ ಶುರುವಾಗುವ ಮೊದಲೇ ನಡೆದ ಈ ಪ್ರಸಂಗವನ್ನು ವಿಸ್ತಾರವಾಗಿ ಹೇಳುವುದಕ್ಕೆ ಕಾರಣವುಂಟು. ಮುಂದೆ ಬಂದ ಎಲ್ಲ ಗಣಕ ಮಾದರಿಗಳ ಹಣೆಬರಹವನ್ನೂ ಕೊನೆಗೆ ಬರೆದದ್ದು ಇಂಥ ಒಂದು ಪಾತ್ರೆ ನೀರೇ.

ಈ ಗಣಕ ಮಾದರಿ ಎಂದರೇನು? ಚೌಕಾಬಾರದ ಮನೆಗಳನ್ನು ನೆನಪಿಸಿಕೊಳ್ಳಿ. ಸಮುದ್ರದ ನಕ್ಷೆಯ ಮೇಲೆ ಅಂಥ ಚೌಕಗಳನ್ನು ಎಳೆಯುತ್ತಾರೆ. ಮೇಲಿಂದ ಕೆಳಕ್ಕೂ ಪದರಗಳಾಗಿ ಕೊಯ್ಯುತ್ತಾರೆ. ಪ್ರತಿಯೊಂದು ಮನೆಗೂ ಇಷ್ಟು ಉಷ್ಣತೆ, ಇಷ್ಟು ಉಪ್ಪು, ಇಂಥ ದಿಕ್ಕಿಗೆ ಇಷ್ಟು ವೇಗ ಎಂದು ಅಂಕಿ ಕೊಡುತ್ತಾರೆ. ಮೇಲೆ ಬೀಸುವ ಗಾಳಿ, ಬಿಸಿಲು, ಮಳೆ, ಭೂಮಿಯ ತಿರುಗುವಿಕೆ ಇವುಗಳ ಒತ್ತಡಕ್ಕೆ ಸಿಕ್ಕಿ ಒಂದು ಮನೆಯ ನೀರು ಪಕ್ಕದ ಮನೆಗೆ ಎಷ್ಟು ಸರಿಯುತ್ತದೆ ಎಂದು ನ್ಯೂಟನ್ನನ ನಿಯಮಗಳಂತೆ ಲೆಕ್ಕ ಹಾಕುತ್ತಾರೆ. ಕೆಲವು ನಿಮಿಷ ಕಳೆದ ಮೇಲಿನ ಸ್ಥಿತಿ ಸಿಗುತ್ತದೆ. ಅದರಿಂದ ಮತ್ತೆ ಮುಂದಿನದು. ಹೀಗೆ ವರ್ಷಗಳು ಉರುಳುವವರೆಗೆ ಮಾಡಿದರೆ ಸಾಗರದ ಚಲನೆಯ ಚಿತ್ರ ಬರುತ್ತದೆ. ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ಇಂಗ್ಲಿಷ್ ವಿಜ್ಞಾನಿ 1922ರಲ್ಲಿ ಹವಾಮಾನಕ್ಕಾಗಿ ಇಂಥ ಲೆಕ್ಕದ ಕನಸು ಕಂಡಾಗ, 64,000 ಜನ ಒಂದೇ ಸಭಾಂಗಣದಲ್ಲಿ ಕುಳಿತು ಗುಣಿಸಬೇಕಾದೀತು ಎಂದು ಅಂದಾಜು ಮಾಡಿದ್ದ. ಸಮುದ್ರಕ್ಕೆ ಅದನ್ನು ಯಂತ್ರದ ಮೂಲಕ ಮಾಡಿ ತೋರಿಸಿದವರು ಅಮೆರಿಕದ ಪ್ರಿನ್ಸ್‌ಟನ್‌ನ ಕರ್ಕ್ ಬ್ರಯನ್ ಮತ್ತು ಮೈಕೆಲ್ ಕಾಕ್ಸ್, 1960ರ ದಶಕದಲ್ಲಿ.

ಚೌಕದ ಅಳತೆ ಬಹಳ ಮುಖ್ಯ. ಒಂದು ಡಿಗ್ರಿ ಚೌಕವೆಂದರೆ ಬದಿಗೆ ಸುಮಾರು 110 ಕಿಲೋಮೀಟರ್. ತುಂಬಿದ ತುಂಗಭದ್ರಾ ಜಲಾಶಯದ ಹರವು ಸುಮಾರು 378 ಚದರ ಕಿಲೋಮೀಟರ್. ಇಂಥ ಮೂವತ್ತು ಜಲಾಶಯಗಳು ಆ ಒಂದು ಚೌಕದಲ್ಲಿ ಹಿಡಿಸುತ್ತವೆ. ಡಿಗ್ರಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿದರೂ ಇಡೀ ಜಲಾಶಯಕ್ಕೆ ದಕ್ಕುವುದು ಮೂರೇ ಚೌಕ. ಎರಡೂವರೆ ಕಿಲೋಮೀಟರ್ ಉದ್ದದ ಅಣೆಕಟ್ಟು ಆ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ಕಡಿದು ಕೊಚ್ಚಿಹೋದ 19ನೇ ಗೇಟಿನ ಮಾತಂತೂ ದೂರವೇ ಉಳಿಯಿತು. ಚಿಕ್ಕ ಚೌಕ ಮಾಡಿದಷ್ಟೂ ಲೆಕ್ಕ ಬೆಳೆಯುತ್ತದೆ, ಯಂತ್ರದ ಖರ್ಚು ಏರುತ್ತದೆ. ಹಾಗಾಗಿ ಸಾಗರದ ಮಾದರಿಯೊಂದು ಪೆಸಿಫಿಕ್ ದಾಟುವ ದಾರಿಯನ್ನು ಚೆನ್ನಾಗಿ ಹೇಳಿ, ಅಳಿವೆಯ ಬಾಯಿಯಲ್ಲಿ ಏನಾಗುತ್ತದೆ ಎಂಬಲ್ಲಿ ಬಾಯಿ ಮುಚ್ಚಿ ಕೂರಬಹುದು.

ಇನ್ನೊಂದು ತೊಡಕು ಸುಳಿಗಳದು. ಆನೆಗುಂದಿಯ ಕಡವಿನಲ್ಲಿ ಹರಿಗೋಲು ಹತ್ತಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನದಿ ಒಟ್ಟಾರೆ ಮುಂದಕ್ಕೇ ಹರಿಯುತ್ತಿದ್ದರೂ ಹರಿಗೋಲು ಬಂಡೆಯ ಹಿಂದಿನ ಸುಳಿಗೆ ಸಿಕ್ಕಿ ಗಿರಗಿರನೆ ತಿರುಗಿ, ಕೆಲವೊಮ್ಮೆ ಹಿಂದಕ್ಕೂ ಬರುತ್ತದೆ. ಕಡಲಿನಲ್ಲಿ ಈ ಸುಳಿಗಳು ನೂರಾರು ಕಿಲೋಮೀಟರ್ ಅಗಲದವು, ತಿಂಗಳುಗಟ್ಟಲೆ ಬದುಕುವಂಥವು. ಆದ್ದರಿಂದ ಮಾದರಿಯೊಳಗೆ ಒಂದು ಕಣವನ್ನು ಬಿಟ್ಟು ದಾರಿ ನೋಡಿದರೆ ಸಾಲದು. ಸಾವಿರಾರು, ಲಕ್ಷಾಂತರ ಕಣಗಳನ್ನು ಬಿಡುತ್ತಾರೆ. ಪ್ರತಿ ಹೆಜ್ಜೆಗೂ ದಾಳ ಎಸೆದಂತೆ ಒಂದಿಷ್ಟು ಅಡ್ಡಾದಿಡ್ಡಿ ಚಲನೆಯನ್ನೂ ಸೇರಿಸುತ್ತಾರೆ. ವಿಕಿರಣಶೀಲ ಕಣವಾದರೆ ಅದರ ಅರ್ಧಾಯುಷ್ಯವನ್ನು ನೋಡಿ ಕಾಲಕಾಲಕ್ಕೆ ಕಳೆಯುತ್ತಾರೆ. ಕೊನೆಗೆ ಎಲ್ಲಿ ಕಣಗಳ ಗುಂಪು ದಟ್ಟವಾಗಿದೆಯೋ ಅಲ್ಲಿ ಅಪಾಯ ಹೆಚ್ಚು.

ಇದನ್ನು ವಿನೋದವಾಗಿ ಪರೀಕ್ಷಿಸಿದ ಘಟನೆಯೂ ಇದೆ. 1992ರ ಜನವರಿಯಲ್ಲಿ ಪೆಸಿಫಿಕ್‌ನಲ್ಲಿ ಬಿರುಗಾಳಿಗೆ ಸಿಕ್ಕ ಹಡಗಿನಿಂದ 28,800 ಪ್ಲಾಸ್ಟಿಕ್ ಆಟಿಕೆಗಳು, ಸ್ನಾನದ ತೊಟ್ಟಿಯಲ್ಲಿ ತೇಲಿಬಿಡುವ ಬಾತುಕೋಳಿ, ಆಮೆ, ಕಪ್ಪೆಗಳು, ನೀರಿಗೆ ಬಿದ್ದವು. ಹತ್ತು ತಿಂಗಳ ನಂತರ ಅವು ಅಲಾಸ್ಕದ ಸಿಟ್ಕಾ ಊರಿನ ದಡಕ್ಕೆ ಬರತೊಡಗಿದವು. ಕರ್ಟಿಸ್ ಎಬ್ಬೆಸ್‌ಮೆಯರ್ ಮತ್ತು ಜೇಮ್ಸ್ ಇಂಗ್ರಹಾಂ ಎಂಬ ವಿಜ್ಞಾನಿಗಳು ಬಿದ್ದ ಜಾಗ, ಸಿಕ್ಕ ಜಾಗಗಳನ್ನು ಗಣಕ ಮಾದರಿಗೆ ಉಣಿಸಿ ಅದರ ಸಾಚಾತನವನ್ನು ತೂಗಿ ನೋಡಿದರು. ಮಕ್ಕಳ ಬಾತುಕೋಳಿಯೂ ಸಾಗರ ವಿಜ್ಞಾನಕ್ಕೆ ಉಪಕರಣವಾಯಿತು.

ಭಾರತದ ಕಡಲಿಗೆ ಬಂದರೆ ಮಾದರಿಯ ಅಗತ್ಯ ಇನ್ನೂ ಹೆಚ್ಚು. ಬೇರೆ ಸಾಗರಗಳಲ್ಲಿ ದೊಡ್ಡ ಪ್ರವಾಹಗಳು ವರ್ಷವಿಡೀ ಒಂದೇ ದಿಕ್ಕು. ಇಲ್ಲಿ ಮಾನ್ಸೂನು ತಿರುಗಿದಂತೆ ಪ್ರವಾಹವೂ ತಿರುಗುತ್ತದೆ. ಕರ್ನಾಟಕದ ಕರಾವಳಿಯ ಮುಂದೆ ಮಳೆಗಾಲದಲ್ಲಿ ಅದು ದಕ್ಷಿಣಮುಖಿ, ನವೆಂಬರಿನಿಂದ ಫೆಬ್ರವರಿಯವರೆಗೆ ಉತ್ತರಮುಖಿ. ಮಳೆಗಾಲದ್ದಕ್ಕೆ ಗಾಳಿಯನ್ನು ಕಾರಣ ಹೇಳಬಹುದು. ಚಳಿಗಾಲದಲ್ಲಿ ದಡದ ಗಾಳಿ ಉತ್ತರದಿಂದ ಬೀಸುತ್ತದೆ. ಆದರೂ ನೀರು ಅದಕ್ಕೆ ಎದುರಾಗಿಯೇ ಉತ್ತರಕ್ಕೆ ಹೋಗುತ್ತದೆ! ಗೋವಾದ ದೋನಾಪೌಲದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಸತೀಶ ಶೇಟ್ಯೆ ಮೊದಲಾದವರನ್ನು, ಹೊರದೇಶದ ಸಾಗರ ವಿಜ್ಞಾನಿಗಳನ್ನು ಈ ಒಗಟು ಕಾಡಿತು. 1990ರ ದಶಕದಲ್ಲಿ ಗಣಕ ಮಾದರಿಗಳ ನೆರವಿನಿಂದ ಅದು ಬಿಡಿಸಿಕೊಂಡಿತು. ದೂರದ ಬಂಗಾಳ ಕೊಲ್ಲಿಯಲ್ಲಿ ಬೀಸಿದ ಗಾಳಿಯ ಪರಿಣಾಮ ದಡವನ್ನೇ ಹಿಡಿದು ಸಾಗುವ ಒಂದು ಬಗೆಯ ಅಲೆಯಾಗಿ ಶ್ರೀಲಂಕೆಯನ್ನು ಸುತ್ತಿ ಪಶ್ಚಿಮ ಕರಾವಳಿಗೆ ಬಂದು ಅಲ್ಲಿನ ನೀರನ್ನು ತಳ್ಳುತ್ತದೆ. ಕಾರವಾರದ ಮುಂದಿನ ಡಿಸೆಂಬರಿನ ಪ್ರವಾಹ ತಿಳಿಯಬೇಕಾದರೆ ಆಂಧ್ರದ ಆಚೆಯ ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ದಡದಲ್ಲಿ ನಿಂತು ಧೂಳು ತೂರಿ ದಿಕ್ಕು ನೋಡಿದರೆ ಇದು ತಿಳಿಯುವುದಿಲ್ಲ.

ಈ ವಿದ್ಯೆಗೆ ನಿಜವಾದ ಅಗ್ನಿಪರೀಕ್ಷೆ ಬಂದದ್ದು 2011ರ ಮಾರ್ಚ್ 11ರಂದು. ಭೂಕಂಪ, ಸುನಾಮಿಗಳ ಹೊಡೆತಕ್ಕೆ ಜಪಾನಿನ ಫುಕುಶಿಮಾ ಸ್ಥಾವರದ ರಿಯಾಕ್ಟರುಗಳು ಕರಗಿದವು. ಏಪ್ರಿಲ್ ಮೊದಲ ವಾರದಲ್ಲಿ ಸ್ಥಾವರದ ಹೊರಗಂಡಿಯ ಬಳಿ ಸಮುದ್ರದ ಒಂದು ಘನ ಮೀಟರ್ ನೀರಿನಲ್ಲಿ ಸೀಸಿಯಂ-137ರ ಪ್ರಮಾಣ 6 ಕೋಟಿ 80 ಲಕ್ಷ ಬೆಕೆರೆಲ್ ಮುಟ್ಟಿತು. ಒಂದು ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಅದು ಒಂದು ಬೆಕೆರೆಲ್. ಅಪಘಾತಕ್ಕೆ ಮೊದಲು ಅಲ್ಲಿನ ಕಡಲಿನಲ್ಲಿದ್ದದ್ದು ಒಂದೆರಡು ಬೆಕೆರೆಲ್ ಮಾತ್ರ, ಅದೂ 1950-60ರ ದಶಕಗಳ ಬಾಂಬುಗಳ ಶೇಷ.

ಪೆಸಿಫಿಕ್‌ನ ಆಚೆ ದಡದ ಅಮೆರಿಕ, ಕೆನಡಾಗಳಲ್ಲಿ ಗಾಬರಿ ಹುಟ್ಟಿತು. ಜರ್ಮನಿಯ ಕೀಲ್ ನಗರದ ತಂಡವೊಂದು 2012ರಲ್ಲಿ ತನ್ನ ಮಾದರಿಯ ಫಲ ಪ್ರಕಟಿಸಿತು. ಅದರಂತೆ ಕೆಲವು ವರ್ಷಗಳಲ್ಲಿ ಮಟ್ಟ ಘನ ಮೀಟರಿಗೆ 1-2 ಬೆಕೆರೆಲ್‌ಗೆ ಇಳಿಯಬೇಕು. 2013ರಲ್ಲಿ ಇನ್ನೊಂದು ತಂಡ ಬೇರೆ ಮಾದರಿಯಿಂದ ಅಮೆರಿಕದ ದಡಕ್ಕೆ 10ರಿಂದ 30 ಬೆಕೆರೆಲ್ ಬರಬಹುದೆಂದಿತು. ಎರಡೂ ಆರೋಗ್ಯಕ್ಕೆ ಅಪಾಯದ ಮಟ್ಟಕ್ಕಿಂತ ಬಹಳ ಕೆಳಗೇ ಇದ್ದವು. ಕುಡಿಯುವ ನೀರಿಗೆ ಅಮೆರಿಕ ಇಟ್ಟಿರುವ ಸೀಸಿಯಂ ಮಿತಿ ಘನ ಮೀಟರಿಗೆ 7,400 ಬೆಕೆರೆಲ್. ಆದರೂ ಎರಡು ಲೆಕ್ಕಗಳ ನಡುವೆ ಹತ್ತು ಪಟ್ಟಿಗೂ ಮಿಕ್ಕ ಅಂತರ. ಯಾವುದನ್ನು ನಂಬಬೇಕು?

ಪಂಚಾಯಿತಿಗೆ ಕೂತದ್ದು ಮತ್ತೆ ನೀರಿನ ಪಾತ್ರೆಯೇ. ಫುಕುಶಿಮಾದ ಸೋರಿಕೆಗೆ ಒಂದು ಗುರುತು ಇತ್ತು. ಅದರಲ್ಲಿ ಸೀಸಿಯಂ-137ರ ಜೊತೆಗೆ ಅಷ್ಟೇ ಪ್ರಮಾಣದ ಸೀಸಿಯಂ-134 ಇತ್ತು. 137ರ ಅರ್ಧಾಯುಷ್ಯ 30 ವರ್ಷ, 134ರದು ಎರಡೇ ವರ್ಷ. ಹಳೆಯ ಬಾಂಬುಗಳ ಕಾಲದ 134 ಏನಾದರೂ ಇದ್ದಿದ್ದರೂ ಎಂದೋ ಸವೆದುಹೋಗಿರಬೇಕು. ಹಾಗಾಗಿ ನೀರಿನಲ್ಲಿ 134 ಕಂಡರೆ ಅದು ಫುಕುಶಿಮಾದ್ದೇ, ಸಂಶಯವಿಲ್ಲ. ಕೆನಡಾದ ಹಡಗುಗಳು 2012ರ ಜೂನ್‌ನಲ್ಲಿ ಬ್ರಿಟಿಷ್ ಕೊಲಂಬಿಯಾದಿಂದ ಸುಮಾರು 1,500 ಕಿಲೋಮೀಟರ್ ಪಶ್ಚಿಮಕ್ಕೆ ಅದನ್ನು ಹಿಡಿದವು, 2013ರ ಜೂನ್‌ನಲ್ಲಿ ದಡಕ್ಕೆ ಹತ್ತಿರದ ತಿಟ್ಟಿನ ಮೇಲೆ.

ಅದಕ್ಕಿಂತ ಸ್ವಾರಸ್ಯದ ಕೆಲಸ ದಡದ ಜನರದು. ವುಡ್ಸ್ ಹೋಲ್ ಸಾಗರ ಸಂಸ್ಥೆಯ ಕೆನ್ ಬ್ಯೂಸೆಲರ್ 2014ರ ಜನವರಿಯಲ್ಲಿ ಸಾರ್ವಜನಿಕರಿಗೆ ಕರೆ ಕೊಟ್ಟರು. ಸರ್ಕಾರ ದುಡ್ಡು ಕೊಡುತ್ತಿಲ್ಲ, ನೀವೇ ಚಂದಾ ಎತ್ತಿ, ಇಪ್ಪತ್ತು ಲೀಟರ್ ಕ್ಯಾನಿನಲ್ಲಿ ನಿಮ್ಮೂರಿನ ಕಡಲ ನೀರು ತುಂಬಿ ಕಳಿಸಿ, ಅಳೆದು ಕೊಡುತ್ತೇವೆ ಎಂಬುದು ಕರೆಯ ಸಾರಾಂಶ. ಒಂದು ಮಾದರಿಗೆ 550ರಿಂದ 600 ಡಾಲರ್ ಖರ್ಚು. ಜನ ಕಳಿಸಿದರು. 2015ರ ಫೆಬ್ರವರಿಯಲ್ಲಿ ವ್ಯಾಂಕೂವರ್ ದ್ವೀಪದ ಯುಕ್ಲುಲೆಟ್ ಎಂಬ ಪುಟ್ಟ ಊರಿನ ದಡದ ನೀರಿನಲ್ಲಿ ಘನ ಮೀಟರಿಗೆ 1.4 ಬೆಕೆರೆಲ್ ಸೀಸಿಯಂ-134, 5.8 ಬೆಕೆರೆಲ್ ಸೀಸಿಯಂ-137 ಸಿಕ್ಕಿತು. ಉತ್ತರ ಅಮೆರಿಕದ ದಡದಲ್ಲಿ ಸಿಕ್ಕ ಮೊದಲ ಗುರುತು ಅದು. ಎರಡು ಮಾದರಿಗಳ ನಡುವೆ ಎಲ್ಲೋ ನಿಜ ನಿಂತಿತ್ತು. ಇದರಲ್ಲಿ ಜನರ ಪಾಲು ಇದ್ದದ್ದೇ ವಿಶೇಷ. ಅಂಕಿ ಅವರೇ ತುಂಬಿ ಕಳಿಸಿದ ಕ್ಯಾನಿನಿಂದ ಬಂದಿತ್ತು.

ಮಾದರಿಗಳು ತಪ್ಪಿಸಿಕೊಂಡ ಸಂಗತಿಯೂ ಒಂದುಂಟು. 2017ರಲ್ಲಿ ಜಪಾನಿನ ದಡದ ಮರಳನ್ನು ಕೊರೆದು ನೋಡಿದ ವಿಜ್ಞಾನಿಗಳು, ಸ್ಥಾವರದಿಂದ ಸುಮಾರು 100 ಕಿಲೋಮೀಟರ್ ದೂರದ ಬೀಚುಗಳ ಅಡಿಯ ಅಂತರ್ಜಲದಲ್ಲೂ ಸೀಸಿಯಂ ಇದೆಯೆಂದು ಪ್ರಕಟಿಸಿದರು. 2011ರಲ್ಲಿ ದಡಗುಂಟ ಸಾಗಿದ ನೀರಿನಿಂದ ಅದು ಮರಳಿನ ಕಣಗಳಿಗೆ ಅಂಟಿಕೊಂಡಿತ್ತು. ಮತ್ತೆ ಉಪ್ಪುನೀರು ಸೋಕಿದಂತೆಲ್ಲ ಮೆಲ್ಲಗೆ ಬಿಟ್ಟುಕೊಡುತ್ತಿತ್ತು. 

ಅಂಟಿಕೊಳ್ಳುವ ಈ ಗುಣವನ್ನು ಅರಿಯಲು ಟಿ.ಬಿ. ಡ್ಯಾಂಗಿಂತ ಒಳ್ಳೆಯ ಪಾಠಶಾಲೆ ಬೇಡ. 1953ರಲ್ಲಿ ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಈ ಜಲಾಶಯಕ್ಕೆ ಈಗ ಲೆಕ್ಕ ಹಿಡಿಯುವುದು 105.788 ಟಿ.ಎಂ.ಸಿ. ನಡುವಿನ 27 ಟಿ.ಎಂ.ಸಿ. ಜಾಗದಲ್ಲಿ ಕೂತಿರುವುದು ಹೂಳು. ನೀರು ಬಂದು ಹೋಗುತ್ತದೆ, ಹೂಳು ಉಳಿಯುತ್ತದೆ. ಸೀಸಿಯಂಗೆ ಜೇಡಿಮಣ್ಣೆಂದರೆ ಬಲು ಪ್ರೀತಿ. ಸಿಹಿನೀರಿನಲ್ಲಿ ಅದು ಮಣ್ಣಿನ ಕಣವನ್ನು ಬಿಗಿಯಾಗಿ ಹಿಡಿದು ಕೂರುತ್ತದೆ. ಅಣೆಕಟ್ಟಿನ ಹಿಂದೆ ತಳಕ್ಕಿಳಿದು ವರ್ಷಗಟ್ಟಲೆ ಮಲಗುತ್ತದೆ. ಮಹಾಪೂರ ಬಂದು ಹೂಳು ಕದಡಿದಾಗ ಏಳುತ್ತದೆ. ಅಳಿವೆಯಲ್ಲಿ ಉಪ್ಪುನೀರು ತಾಗಿದಾಗ ಒಂದು ಪಾಲು ಮಣ್ಣನ್ನು ಬಿಟ್ಟು ನೀರಿಗೆ ಇಳಿಯುತ್ತದೆ. ಆದ್ದರಿಂದ ನದಿಯ ಮೂಲಕ ಬರುವ ವಿಕಿರಣವನ್ನು ಬೆನ್ನಟ್ಟುವ ಲೆಕ್ಕಕ್ಕೆ ನೀರಿನ ದಾರಿಯ ಜೊತೆ ಹೂಳಿನ ದಾರಿಯೂ ಬೇಕು. ಹೂಳಿನ ದಾರಿ ಹಿಡಿಯುವುದರಲ್ಲಿ ಭಾರತೀಯರು ಹಳಬರೇ. ಬಂದರುಗಳಲ್ಲಿ ಎತ್ತಿ ಸುರಿದ ಹೂಳು ಮತ್ತೆ ಕಾಲುವೆಗೇ ಮರಳುತ್ತದೋ ಎಂದು ತಿಳಿಯಲು ಭಾಭಾ ಅಣು ಸಂಶೋಧನಾ ಕೇಂದ್ರದವರು ಮುಂಬೈ ಬಂದರು, ಹೂಗ್ಲಿ ನದಿ ಮೊದಲಾದೆಡೆ ಸ್ಕ್ಯಾಂಡಿಯಂ-46 ಎಂಬ ವಿಕಿರಣಶೀಲ ಗುರುತು ಬೆರೆಸಿದ ಪುಡಿಯನ್ನು ತಳಕ್ಕೆ ಬಿಟ್ಟು ಅದರ ಚಲನೆಯನ್ನು ಅಳೆದಿದ್ದಾರೆ. ಅದರ ಅರ್ಧಾಯುಷ್ಯ 84 ದಿನ. ಕೆಲಸ ಮುಗಿಯುವ ಹೊತ್ತಿಗೆ ತಾನೂ ಸವೆಯುತ್ತದೆ.

ಈಗ ಕೈಗಾ. ಜೋಯಿಡಾ ತಾಲ್ಲೂಕಿನ ದಿಗ್ಗಿಯಲ್ಲಿ ಹುಟ್ಟಿ 184 ಕಿಲೋಮೀಟರ್ ಹರಿಯುವ ಕಾಳಿಗೆ ಸೂಪಾದಿಂದ ಕದ್ರಾದವರೆಗೆ ಅಣೆಕಟ್ಟುಗಳ ಸಾಲೇ ಇದೆ. ಸ್ಥಾವರ ತಣಿಯುವುದು ಕದ್ರಾ ಜಲಾಶಯದ ನೀರಿನಿಂದ. ಸಂಸ್ಕರಿಸಿ ತೆಳುಗೊಳಿಸಿದ ದ್ರವ ತ್ಯಾಜ್ಯವೂ ಅದೇ ನೀರಿಗೆ, ನಿಗದಿತ ಮಿತಿಯೊಳಗೆ, ಸೇರುತ್ತದೆ. ಕದ್ರಾದ ಕೆಳಗೆ ನದಿ ಮಲ್ಲಾಪುರವನ್ನು ದಾಟಿ, ಸದಾಶಿವಗಡ ಮತ್ತು ಕೋಡಿಬಾಗದ ನಡುವೆ ಕಡಲು ಸೇರುತ್ತದೆ. 1980ರ ದಶಕದಲ್ಲಿ ಈ ಯೋಜನೆಯ ವಿರುದ್ಧ ಎದ್ದ ಚಳವಳಿಯ ಮುಂಚೂಣಿಯಲ್ಲಿ ಶಿವರಾಮ ಕಾರಂತರಿದ್ದರು. 1989ರ ಲೋಕಸಭಾ ಚುನಾವಣೆಗೂ ಪರಿಸರದ ಹೆಸರಿನಲ್ಲಿ ನಿಂತು ಸೋತರು. 1994ರ ಮೇ 13ರಂದು ಕಟ್ಟುತ್ತಿದ್ದ ಒಂದನೇ ಘಟಕದ ಒಳಗುಮ್ಮಟದ ಕಾಂಕ್ರೀಟ್ ಕಳಚಿ ಬಿತ್ತು. ಇಂಧನ ತುಂಬಿರಲಿಲ್ಲವಾಗಿ ಅನಾಹುತ ತಪ್ಪಿತು. 2000ದಲ್ಲಿ ಎರಡು ಘಟಕಗಳು, 2007 ಮತ್ತು 2011ರಲ್ಲಿ ಒಂದೊಂದು, ತಲಾ 220 ಮೆಗಾವಾಟಿನವು, ವಿದ್ಯುತ್ ಕೊಡತೊಡಗಿದವು. 2018ರ ಡಿಸೆಂಬರ್ 31ಕ್ಕೆ ಒಂದನೇ ಘಟಕ 962 ದಿನ ನಿಲ್ಲದೆ ಓಡಿ ಆ ಕಾಲದ ವಿಶ್ವದಾಖಲೆ ಬರೆಯಿತು. ಗುಮ್ಮಟ ಬಿದ್ದ ಘಟಕವೂ ಅದೇ.

ಎರಡು ಮಾತನ್ನೂ ಒಟ್ಟಿಗೆ ಹೇಳುವುದು ನ್ಯಾಯ. ಸ್ಥಾವರ ಓಡುವ ಮೊದಲೇ ಮಂಗಳೂರು ವಿಶ್ವವಿದ್ಯಾಲಯದ ವಿಜ್ಞಾನಿಗಳು ಕೈಗಾ ಸುತ್ತಿನ ಸಹಜ ವಿಕಿರಣವನ್ನು ಅಳೆದು ದಾಖಲಿಸಿದ್ದಾರೆ. ಉಳ್ಳಾಲದ ಮರಳಿನಲ್ಲಿ ಮೊನಜೈಟ್ ಖನಿಜದಿಂದಾಗಿ ವಿಕಿರಣ ಸಹಜವಾಗಿಯೇ ಹೆಚ್ಚೆಂದು ತೋರಿಸಿದವರೂ ಅವರೇ. ಸ್ಥಾವರದ ಬಳಿಯ ಪರಿಸರ ಪರೀಕ್ಷಾ ಪ್ರಯೋಗಾಲಯ ನೀರು, ಮೀನು, ಹಾಲು, ಅಕ್ಕಿಗಳ ಮಾದರಿ ತೆಗೆದು ಅಳೆಯುತ್ತದೆ. ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ಎಂಬ ಮಿತಿಯಲ್ಲಿ ಒಂದು ಸಣ್ಣ ಭಾಗ ಮಾತ್ರ ಸ್ಥಾವರದಿಂದ ಬರುತ್ತದೆಂದು ಅಧಿಕೃತ ವರದಿಗಳು ಹೇಳುತ್ತವೆ. ಇನ್ನೊಂದೆಡೆ, 2009ರ ನವೆಂಬರಿನಲ್ಲಿ ಸ್ಥಾವರದೊಳಗಿನ ಕುಡಿಯುವ ನೀರಿನ ಕೂಲರ್‌ಗೆ ಯಾರೋ ಟ್ರಿಟಿಯಂ ಇದ್ದ ಭಾರಜಲ ಬೆರೆಸಿದ್ದರಿಂದ ಸುಮಾರು 55 ಸಿಬ್ಬಂದಿಯ ದೇಹಕ್ಕೆ ಅದು ಸೇರಿತ್ತು. ಅದು ಗೊತ್ತಾದದ್ದು ಮೂತ್ರ ಪರೀಕ್ಷೆಯಲ್ಲಿ. ಗುಮ್ಮಟ, ಬೇಲಿ, ಕಾವಲು ಎಲ್ಲ ದಾಟಿ ಬಂದದ್ದನ್ನು ಹಿಡಿದದ್ದೂ ಒಂದು ಅಳತೆಯೇ.

ಟ್ರಿಟಿಯಂನ ಸ್ವಭಾವ ಸೀಸಿಯಂಗಿಂತ ಬೇರೆ. ಅದು ನೀರಿನ ಭಾಗವೇ ಆಗಿಬಿಡುತ್ತದೆ, ಮಣ್ಣಿಗೆ ಅಂಟುವುದಿಲ್ಲ, ನೀರು ಹೋದಲ್ಲಿಗೆ ಹೋಗುತ್ತದೆ. ಅರ್ಧಾಯುಷ್ಯ 12.3 ವರ್ಷ. ಫುಕುಶಿಮಾದ ಟ್ಯಾಂಕುಗಳ ನೀರನ್ನು 2023ರ ಆಗಸ್ಟ್ 24ರಿಂದ ಸಮುದ್ರಕ್ಕೆ ಬಿಡತೊಡಗಿದಾಗ ಎದ್ದ ಗದ್ದಲ ಇದರ ಕುರಿತೇ. ಲೀಟರಿಗೆ 1,500 ಬೆಕೆರೆಲ್‌ಗಿಂತ ಕೆಳಕ್ಕೆ ತೆಳು ಮಾಡಿ ಬಿಟ್ಟರೆ ಎರಡು-ಮೂರು ಕಿಲೋಮೀಟರ್ ಆಚೆ ಅದನ್ನು ಸಹಜ ಮಟ್ಟದಿಂದ ಬೇರೆಯಾಗಿ ಗುರುತಿಸಲಾಗದು ಎಂದು ಕಂಪನಿಯ ಗಣಕ ಲೆಕ್ಕ ಹೇಳಿತು. ಚೀನಾ ಮೀನಿನ ಆಮದನ್ನೇ ನಿಲ್ಲಿಸಿತು. ಲೆಕ್ಕ ತಪ್ಪೆಂದು ಯಾರೂ ಸಾಧಿಸಿ ತೋರಿಸಲಿಲ್ಲ. ಆದರೆ ನಷ್ಟ ಅನುಭವಿಸಿದವರು ಮೀನುಗಾರರು. ಮೀನಿನ ಬೆಲೆ ಬೆಕೆರೆಲ್‌ಗಳನ್ನು ಎಣಿಸಿ ಇಳಿಯುವುದಿಲ್ಲ, ಗುಮಾನಿಗೇ ಇಳಿಯುತ್ತದೆ.

ಕಾಳಿಯಲ್ಲಿ ಅಂಥದ್ದು ನಡೆದಿಲ್ಲ. ನಡೆಯಿತೆಂದು ಲೆಕ್ಕಕ್ಕಾಗಿ ಊಹಿಸಿಕೊಳ್ಳಿ. ಒಂದೇ ಪ್ರಮಾಣದ ಸೋರಿಕೆ, ಒಮ್ಮೆ ಜುಲೈಯಲ್ಲಿ, ಒಮ್ಮೆ ಡಿಸೆಂಬರಿನಲ್ಲಿ. ಜುಲೈಯಲ್ಲಿ ಕದ್ರಾದ ಗೇಟುಗಳು ತೆರೆದಿರುತ್ತವೆ. 2019ರ ಆಗಸ್ಟ್‌ನಲ್ಲಿ, 2021ರ ಜುಲೈಯಲ್ಲಿ ಬಿಟ್ಟ ನೀರು ಕೆಳಗಿನ ಹಳ್ಳಿಗಳನ್ನು ಮುಳುಗಿಸಿತ್ತು. ಅಂಥ ಹೊತ್ತಿನಲ್ಲಿ ನೀರು ಅಪಾರ, ಆದ್ದರಿಂದ ಸೋರಿದ್ದು ಬಹಳ ತೆಳುವಾಗುತ್ತದೆ. ಆದರೆ ಹೂಳೂ ಕದಡಿ ಹೊರಡುತ್ತದೆ, ಪೂರ ಅದನ್ನು ಗದ್ದೆ, ಹಿತ್ತಲುಗಳಿಗೆ ಬಳಿಯುತ್ತದೆ. ಕಡಲು ಸೇರಿದ್ದು ದಕ್ಷಿಣಮುಖಿ ಪ್ರವಾಹ ಹಿಡಿದರೆ ಅಂಕೋಲಾ, ಕುಮಟಾ, ಹೊನ್ನಾವರದ ಕಡೆ ಸಾಗುತ್ತದೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ ಆಗ ಕಡಲಲ್ಲಿ ದೋಣಿ ಕಡಿಮೆ. ಡಿಸೆಂಬರಿನಲ್ಲಾದರೆ ಎಲ್ಲವೂ ತಿರುಗುಮುರುಗು. ನದಿ ಸೊರಗಿರುತ್ತದೆ, ಭರತದ ಉಪ್ಪುನೀರು ಅಳಿವೆಯೊಳಗೆ ದೂರದವರೆಗೆ ನುಗ್ಗುತ್ತದೆ, ಸೋರಿದ್ದು ಒಳಗೇ ಸುತ್ತಾಡುತ್ತದೆ. ಅಳಿವೆಯ ಕೆಸರಿನಲ್ಲಿ ಚಿಪ್ಪುಮೀನು ಆಯುವವರಿಗೆ ಅದು ಹತ್ತಿರ. ಹೊರಬಿದ್ದದ್ದು ಉತ್ತರಕ್ಕೆ, ಮಾಜಾಳಿ ದಾಟಿ ಗೋವಾದ ಕಡೆ ಹೋಗುತ್ತದೆ. ಮೀನುಗಾರಿಕೆಯ ಭರಾಟೆಯ ಕಾಲವೂ ಅದು. ದಡಕ್ಕೆ ತೀರ ಸಮೀಪ ಭರತ ಇಳಿತಗಳು, ದಿನದ ಗಾಳಿ, ಕಾರವಾರದ ಮುಂದಿನ ನಡುಗಡ್ಡೆಗಳು ಸೇರಿ ಈ ಚಿತ್ರವನ್ನು ಇನ್ನಷ್ಟು ಕಲಕುತ್ತವೆ. ಕಿಲೋಮೀಟರಿಗಿಂತ ಚಿಕ್ಕ ಚೌಕದ ಮಾದರಿ ಬೇಕಾಗುವುದು ಇಲ್ಲೇ.

"ಸಮುದ್ರ ಎಲ್ಲವನ್ನೂ ತೆಳು ಮಾಡುತ್ತದೆ" ಎಂಬ ಮಾತು ವರ್ಷದ ಸರಾಸರಿಯಲ್ಲಿ ನಿಜ. ಆದರೆ ಸರಾಸರಿಯಲ್ಲಿ ಯಾರೂ ಮೀನು ಹಿಡಿಯುವುದಿಲ್ಲ. ಹಿಡಿಯುವುದು ಒಂದು ತಿಂಗಳಲ್ಲಿ, ಒಂದು ಅಳಿವೆಯಲ್ಲಿ. ತಲಾ 700 ಮೆಗಾವಾಟಿನ ಇನ್ನೆರಡು ಘಟಕಗಳು ಕೈಗಾಕ್ಕೆ ಬರಲಿರುವಾಗ ಕೇಳಬೇಕಾದ ಪ್ರಶ್ನೆ ಈ ಅಳತೆಯದು. ಜುಲೈ ನಕ್ಷೆ ಯಾವುದು, ಡಿಸೆಂಬರ್ ನಕ್ಷೆ ಯಾವುದು, ಅವನ್ನು ಕನ್ನಡದಲ್ಲಿ ಬರೆದು ದೋಣಿಕಟ್ಟೆಯಲ್ಲಿ ಅಂಟಿಸುವವರು ಯಾರು? ನಕ್ಷೆ ಸರಿಯೋ ತಪ್ಪೋ ಎಂದು ನೋಡಲು ಬೇಕಾದವರು ದೂರದಲ್ಲಿಲ್ಲ. ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗ ಕೋಡಿಬಾಗದಲ್ಲೇ, ಅಳಿವೆಯ ಬಾಯಲ್ಲೇ ಇದೆ. ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಪಕ್ಕದ ಗೋವಾದಲ್ಲಿದೆ. ವಿಕಿರಣ ಅಳೆಯಬಲ್ಲವರು ಮಂಗಳೂರಿನಲ್ಲಿದ್ದಾರೆ. ಇನ್ನು ಬೇಕಾದದ್ದು ಕುಡಿಯುವ ನೀರಿಗೆ ಮನೆಮನೆಯಲ್ಲಿ ಬಳಸುವಂಥ ಇಪ್ಪತ್ತು ಲೀಟರಿನ ಕೆಲವು ಕ್ಯಾನುಗಳು. ಮಾಜಾಳಿಯಲ್ಲಿ ಒಂದು, ಕೋಡಿಬಾಗದಲ್ಲಿ ಒಂದು, ಬೇಲೆಕೇರಿಯಲ್ಲಿ ಒಂದು. ಮಳೆಗಾಲದಲ್ಲಿ ಒಮ್ಮೆ, ಚಳಿಗಾಲದಲ್ಲಿ ಒಮ್ಮೆ.